ಋತುವಿಗೊಂದು ಬಿಯರ್ ಎನ್ನುವುದು ಬರೀ ಪ್ರಚಾರವೇ?

ಚಿತ್ರದುರ್ಗದಿಂದ ತಾವು ಕೇಳಿರುವುದು ಒಟ್ಟು ಮೂರು ಪ್ರಶ್ನೆಗಳು. ಬೆಂಗಳೂರಿನ ಸಣ್ಣ ಬ್ರೂವರಿಯೊಂದರಲ್ಲಿ ಜನವರಿ ಕೊನೆಗೆ ಕುಡಿದ ರಾಗಿ ಬಿಯರ್ ಏಪ್ರಿಲ್‌ನಲ್ಲಿ ಮತ್ತೆ ಹೋದಾಗ ಏಕೆ ಸಿಗಲಿಲ್ಲ; ಹಲಗೆಯ ಮೇಲೆ ‘ಸೀಸನಲ್’ ಎಂದು ಬರೆಯುವುದು ಬರೀ ಪ್ರಚಾರವೇ; ಬಿಯರ್ ಹಬ್ಬಗಳಿಂದ ಇಂಥ ಸಣ್ಣವರಿಗೆ ಏನಾದರೂ ಉಪಯೋಗವಿದೆಯೇ, ಅಂಥದ್ದು ನಮ್ಮ ಕಡೆಯೂ ನಡೆದೀತೇ ಎಂಬುದು ಮೂರನೆಯದು. ದಾವಣಗೆರೆಯಲ್ಲಿ ನಮ್ಮದೊಂದು ಅಕ್ಕಿ ಗಿರಣಿ ಇದೆ. ಬೆಂಗಳೂರಿನ ಕೆಲವು ಸಣ್ಣ ಬ್ರೂವರಿಗಳಿಗೆ ಶುಚಿ ಮಾಡಿದ ಭತ್ತದ ಹೊಟ್ಟನ್ನೂ ಮೊಳಕೆ ಬರಿಸಿ ಒಣಗಿಸಿದ ರಾಗಿಯನ್ನೂ ನಾನು ಕಳಿಸುತ್ತೇನೆ. ಬಿಯರ್ ಮಾಡುವುದು ನನ್ನ ಕಸುಬಲ್ಲವಾದರೂ ಅದಕ್ಕೆ ಬೇಕಾದ ಕಾಳಿನ ಕಡೆಯಿಂದ ಈ ವಿಷಯವನ್ನು ಹತ್ತಿರದಿಂದ ಬಲ್ಲೆನಾದ್ದರಿಂದ ಉತ್ತರಿಸುತ್ತಿದ್ದೇನೆ.

ಋತುವಿನ ಬಿಯರ್ ಎಂದು ಯಾರಾದರೂ ಹೇಳಿದರೆ ಅದನ್ನು ಅಳೆಯಲು ಒಂದು ಪ್ರಶ್ನೆ ಸಾಕು: ಇದನ್ನೇ ಬೇರೆ ತಿಂಗಳಲ್ಲಿ ಮಾಡಿದ್ದರೆ ಏನು ಕೆಡುತ್ತಿತ್ತು? ಏನೂ ಕೆಡುತ್ತಿರಲಿಲ್ಲ ಎಂದಾದರೆ ಅದು ಪ್ರಚಾರ. ಬೆಳೆ ಸಿಗುತ್ತಿರಲಿಲ್ಲ, ಹವೆ ಒಗ್ಗುತ್ತಿರಲಿಲ್ಲ ಎಂಬ ಉತ್ತರ ಬಂದರೆ ಆ ಬಿಯರಿಗೆ ಋತುವಿನ ಹೆಸರು ಸಲ್ಲುತ್ತದೆ.

ಈ ಪದ್ಧತಿ ಹುಟ್ಟಿದ್ದೇ ಸೆಕೆಯ ಭಯದಿಂದ. ಬೇಸಿಗೆಯಲ್ಲಿ ಮಾಡಿದ ಬಿಯರ್ ಹುಳಿಯಾಗಿ ಕೆಡುತ್ತಿದ್ದುದರಿಂದ ಜರ್ಮನಿಯ ಬವೇರಿಯಾ ಪ್ರಾಂತದ ದೊರೆ ಐದನೆಯ ಆಲ್ಬ್ರೆಕ್ಟ್ 1553ರಲ್ಲಿ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಸಕೂಡದೆಂದು ಆಜ್ಞೆ ಹೊರಡಿಸಿದನು. ಹಾಗಾಗಿ ಮಾರ್ಚ್ ತಿಂಗಳಲ್ಲಿ ತುಸು ಗಟ್ಟಿಯಾದ ಬಿಯರನ್ನು ಮಾಡಿ, ತಣ್ಣನೆಯ ನೆಲಮಾಳಿಗೆಗಳಲ್ಲಿ ಬೇಸಿಗೆಯಿಡೀ ಇಟ್ಟು, ಹೊಸ ಬಾರ್ಲಿ ಬರುವ ಹೊತ್ತಿಗೆ ಪೀಪಾಯಿಗಳನ್ನು ಖಾಲಿ ಮಾಡುವ ರೂಢಿ ಬಂತು. ಮಾರ್ಚ್ ತಿಂಗಳಿನ ಹೆಸರನ್ನೇ ಹೊತ್ತ ‘ಮೆರ್ಟ್ಸನ್’ ಎಂಬ ಬಗೆ ಇದು. ಬೆಲ್ಜಿಯಂನ ವಲೋನಿಯಾ ಪ್ರಾಂತದ ರೈತರು ಚಳಿಗಾಲದಲ್ಲಿ ಮಾಡಿಟ್ಟು ಬೇಸಿಗೆಯ ಹೊಲಗೆಲಸದ ಆಳುಗಳಿಗೆ ಕೊಡುತ್ತಿದ್ದ ‘ಸೇಸಾನ್’ ಕೂಡ ಇದೇ ಲೆಕ್ಕಾಚಾರದ್ದು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಎಂಬ ಎಂಜಿನಿಯರ್ ಮ್ಯೂನಿಕ್‌ನ ಸ್ಪಾಟನ್ ಬ್ರೂವರಿಗಾಗಿ ತಂಪು ಯಂತ್ರವನ್ನು ನಿಲ್ಲಿಸಿದ ಮೇಲೆ ತಂಪಿನಲ್ಲೇ ಹುದುಗಿ ಮಾಗಬೇಕಾದ ಲಾಗರ್ ಬಗೆಯ ಬಿಯರನ್ನು ವರ್ಷದ ಯಾವ ದಿನವಾದರೂ ಮಾಡಬಹುದಾಯಿತು. ಅಲ್ಲಿಗೆ ಹವೆಯ ಒತ್ತಾಯ ಹೋಯಿತು. ಉಳಿದದ್ದು ಬೆಳೆಯ ಒತ್ತಾಯ ಮಾತ್ರ.

ಅದಕ್ಕೆ ಒಳ್ಳೆಯ ಉದಾಹರಣೆ ಹಸಿ ಹಾಪ್ಸ್ ಬಿಯರ್. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಬಳ್ಳಿಯ ಹೂವೇ ಹಾಪ್ಸ್. ಅಮೆರಿಕದ ಹಾಪ್ಸ್ ಬೆಳೆಯಲ್ಲಿ ಸುಮಾರು ಮುಕ್ಕಾಲು ಪಾಲು ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯದು, ಕೊಯ್ಲು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಬಳ್ಳಿಯಿಂದ ಕಿತ್ತ ಹಾಪ್ಸ್ ಹೂವಿನಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರೇ ಇರುವುದರಿಂದ ಒಂದು ದಿನದೊಳಗೆ ಅದನ್ನು ಒಣಗಿಸಬೇಕು, ಇಲ್ಲವೇ ಕುದಿಯುವ ರಸಕ್ಕೆ ಹಾಕಬೇಕು. ತಡವಾದರೆ ರಾಶಿ ಬಿಸಿಯೇರಿ ಕೊಳೆಯುತ್ತದೆ. ಒಣ ಹಾಪ್ಸ್‌ನ ನಾಲ್ಕೈದು ಪಟ್ಟು ತೂಕದ ಹಸಿ ಹೂವು ಬೇಕಾಗುತ್ತದೆ. ಹೊಲಕ್ಕೂ ಬ್ರೂವರಿಗೂ ಲಾರಿಯ ಕೆಲವು ಗಂಟೆಗಳಷ್ಟೇ ದೂರವಿರುವ ಊರುಗಳಿಗೆ ಮಾತ್ರ ಒಗ್ಗುವ ಬಿಯರ್ ಇದು. ನಮಗೆ ಹಾಪ್ಸ್ ಬರುವುದು ಪುಡಿ ಮಾಡಿ ಒತ್ತಿದ ಗುಳಿಗೆಗಳಾಗಿ, ಗಾಳಿ ತೆಗೆದ ಪೊಟ್ಟಣಗಳಲ್ಲಿ, ಬಹುಪಾಲು ಹೊರದೇಶದಿಂದ. ಬೇಸಿಗೆಯಲ್ಲಿ ದೀರ್ಘ ಹಗಲು ಬೇಡುವ ಈ ಬಳ್ಳಿಗೆ ನಮ್ಮ ಅಕ್ಷಾಂಶ ಹೊಂದುವುದಿಲ್ಲ. ಆದಕಾರಣ ಬೆಂಗಳೂರಿನಲ್ಲಿ ಯಾರಾದರೂ ಸೆಪ್ಟೆಂಬರ್‌ನಲ್ಲಿ ‘ಹಾಪ್ಸ್ ಸುಗ್ಗಿಯ ಬಿಯರ್’ ಎಂದು ಹಲಗೆ ಹಾಕಿದರೆ, ಆ ಸುಗ್ಗಿ ಯಾರದು ಎಂದು ಕೇಳುವ ಹಕ್ಕು ಕುಡಿಯುವವರಿಗಿದೆ. ಅಮೆರಿಕದವರನ್ನು ನೋಡಿ, ಅಕ್ಟೋಬರ್ ಬಂತೆಂದು ಕುಂಬಳಕಾಯಿಯ ಬಿಯರ್ ಮಾಡುವುದನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ.

ಈಗ ನೀವು ಕುಡಿದ ರಾಗಿ ಬಿಯರಿಗೆ ಬರೋಣ. ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ ಕಡೆಯ ಮಳೆಯಾಶ್ರಿತ ಹೊಲಗಳ ರಾಗಿ ಸಾಮಾನ್ಯವಾಗಿ ನವೆಂಬರ್–ಡಿಸೆಂಬರ್‌ನಲ್ಲಿ ಕೊಯ್ಲಿಗೆ ಬರುತ್ತದೆ. ತೆನೆ ಬಡಿದು, ಕಾಳನ್ನು ಕೆಲವು ವಾರ ಆರಲು ಬಿಟ್ಟು, ಆಮೇಲೆ ನಾವು ಮೊಳಕೆಗೆ ಹಾಕುತ್ತೇವೆ. ಮನೆಯಲ್ಲಿ ಮಗುವಿನ ಮಾಲ್ಟ್ ಹಿಟ್ಟಿಗೆ ಮಾಡುವ ಕ್ರಮವೇ ಇದು, ಪ್ರಮಾಣ ಮಾತ್ರ ದೊಡ್ಡದು. ರಾತ್ರಿಯಿಡೀ ನೆನೆಸಿ, ನೀರು ಬಸಿದು, ಒದ್ದೆ ಗೋಣಿತಾಟಿನ ಮೇಲೆ ಹರಡಿ ಮುಚ್ಚಿ, ಆಗಾಗ ಕೈಯಾಡಿಸುತ್ತಾ ಎರಡು ಮೂರು ದಿನ ಕಾಯಬೇಕು. ಮೊಳೆಯುವ ಕಾಳು ಉಸಿರಾಡುತ್ತದೆ, ಉಸಿರಾಡಿದಂತೆಲ್ಲ ಬಿಸಿ ಹುಟ್ಟುತ್ತದೆ. ರಾತ್ರಿ ತಂಪಾಗಿರುವ ಡಿಸೆಂಬರ್‌ನಲ್ಲಿ ಆ ಬಿಸಿ ತಾನಾಗಿ ಹೊರಗೆ ಹೋಗುತ್ತದೆ. ಕೈಯನ್ನು ರಾಶಿಯ ಒಳಗೆ ಇಟ್ಟರೆ ಉಗುರುಬೆಚ್ಚಗೆ ಅಷ್ಟೇ ಇರುತ್ತದೆ, ಸೌತೆಕಾಯಿ ಹೆಚ್ಚಿದಂಥ ಹಸಿ ಪರಿಮಳ ಬರುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಅದೇ ರಾಶಿಯ ನಡುಭಾಗ ಕೈ ಇಡಲಾಗದಷ್ಟು ಕಾಯುತ್ತದೆ, ಮೊಳಕೆ ಒಂದು ಕಡೆ ಉದ್ದವಾಗಿ ಇನ್ನೊಂದು ಕಡೆ ಸತ್ತುಹೋಗುತ್ತದೆ, ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಕಾಳನ್ನು ಆಹಾರಕ್ಕೂ ಬಳಸಬಾರದು, ಬಿಯರಿಗೂ ಬಳಸಬಾರದು. ಹವಾನಿಯಂತ್ರಿತ ಕೋಣೆ ಕಟ್ಟಿಸಿದರೆ ಬೇಸಿಗೆಯಲ್ಲೂ ಮಾಡಬಹುದು. ಆದರೆ ಆ ಖರ್ಚನ್ನು ಈ ಸಣ್ಣ ವ್ಯಾಪಾರ ತಡೆಯುವುದಿಲ್ಲ. ಬವೇರಿಯಾದ ದೊರೆಯ ಆಜ್ಞೆಗೆ ಕಾರಣವಾದ ಸೆಕೆಯೇ ನಮ್ಮ ಗಿರಣಿಯ ಅಂಗಳದಲ್ಲೂ ತಿಂಗಳನ್ನು ಗೊತ್ತುಮಾಡುತ್ತದೆ.

ಒಣಗಿಸಿ, ಬೇರಿನ ಎಳೆಗಳನ್ನು ಉಜ್ಜಿ ತೆಗೆದು, ಹದವಾಗಿ ಹುರಿದು ಕಳಿಸಿದ ರಾಗಿ ಬ್ರೂವರಿಗೆ ಹೋದ ಮೇಲೂ ಸುಮ್ಮನೆ ಒಗ್ಗುವುದಿಲ್ಲ. ಕಿರುಧಾನ್ಯಗಳ ಪೈಕಿ ಮೊಳಕೆಯ ರಾಗಿಯಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಚೆನ್ನಾಗಿಯೇ ಇವೆ. ತೊಡಕು ಏನೆಂದರೆ, ಅದರ ಪಿಷ್ಟ ಬೇಯಲು ಬಾರ್ಲಿಗಿಂತ ಹೆಚ್ಚು ಶಾಖ ಬೇಕು, ಮತ್ತು ಬಾರ್ಲಿಗಿರುವಂಥ ಹೊಟ್ಟು ಅದಕ್ಕಿಲ್ಲ. ಬಾರ್ಲಿಯ ಹೊಟ್ಟು ಪಾತ್ರೆಯ ತಳದಲ್ಲಿ ಜರಡಿಯ ಕೆಲಸ ಮಾಡಿ ಸಿಹಿ ರಸವನ್ನು ಕೆಳಗೆ ಬಿಡುತ್ತದೆ. ರಾಗಿ ಹೆಚ್ಚಾದರೆ ಜಾಲರಿಯ ಮೇಲೆ ಮುದ್ದೆಯಂತೆ ಕೂತುಬಿಡುತ್ತದೆ, ಒಂದು ಹನಿಯೂ ಇಳಿಯುವುದಿಲ್ಲ. ಅದಕ್ಕಾಗಿ ರಾಗಿಯನ್ನು ಸಾಮಾನ್ಯವಾಗಿ ಒಟ್ಟು ಧಾನ್ಯದ ಕಾಲು ಭಾಗದೊಳಗೆ ಇಟ್ಟು, ಬೇರೆಯಾಗಿ ಬೇಯಿಸಿ, ಬಾರ್ಲಿ ಮಾಲ್ಟಿನೊಂದಿಗೆ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೊಂದಿಗೆ ಬೆರೆಸಿ, ಮೇಲೆ ತೊಳೆದ ಭತ್ತದ ಹೊಟ್ಟನ್ನು ಸೇರಿಸುತ್ತಾರೆ. ಭದ್ರಾ ಕಾಲುವೆಯ ಭತ್ತದ ಹೊಟ್ಟು ಬೆಂಗಳೂರಿನ ಬಿಯರ್ ಪಾತ್ರೆಯಲ್ಲಿ ಈ ಕೆಲಸಕ್ಕೆ ಬರುತ್ತದೆಂದು ಹೇಳಿದರೆ ನಮ್ಮೂರಿನವರೇ ನಂಬುವುದಿಲ್ಲ.

ಏಪ್ರಿಲ್‌ನಲ್ಲಿ ನಿಮಗೆ ಅದು ಸಿಗದಿರಲು ಕಾಳಿನ ಜೊತೆಗೆ ಟ್ಯಾಂಕೂ ಕಾರಣ. ಸಣ್ಣ ಬ್ರೂವರಿಯಲ್ಲಿ ಬೆರಳೆಣಿಕೆಯ ಟ್ಯಾಂಕುಗಳಿರುತ್ತವೆ. ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗುವ ಏಲ್ ಎಂಬ ಬಗೆಯ ಬಿಯರ್ ಎರಡು ಮೂರು ವಾರಕ್ಕೆ ಸಿದ್ಧವಾಗುತ್ತದೆ. 10 ಡಿಗ್ರಿಯ ಆಸುಪಾಸಿನಲ್ಲಿ ಹುದುಗಿ, ಬಳಿಕ ಕೊರೆವ ತಂಪಿನಲ್ಲಿ ಮಾಗುವ ಲಾಗರ್ ತಿಂಗಳಿಗೂ ಮೀರಿ ಟ್ಯಾಂಕನ್ನು ಹಿಡಿದಿಡುತ್ತದೆ. ಬೇಸಿಗೆ ಬಂದೊಡನೆ ಗಿರಾಕಿಗಳು ಕೇಳುವುದು ಗೋಧಿಯ ಬಿಯರನ್ನು. ಲವಂಗ, ಬಾಳೆಹಣ್ಣಿನ ವಾಸನೆಯ ಈ ಹಗುರ ಬಿಯರನ್ನು ತಾಜಾ ಕುಡಿಯಬೇಕಾದ್ದರಿಂದ ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಮೇ ತಿಂಗಳಿಗೆ ಬಾದಾಮಿ ಮಾವಿನ ಸರದಿ. ಮಾವಿನ ಸಕ್ಕರೆಯನ್ನು ಯೀಸ್ಟ್ ತಿಂದುಹಾಕುವುದರಿಂದ ಸಿಹಿ ಉಳಿಯದೆ ಪರಿಮಳವಷ್ಟೇ ಉಳಿಯುತ್ತದೆ. ಆ ಪರಿಮಳವೂ ಹಾರಿಹೋಗದಿರಲೆಂದು ತಿಳಿದವರು ಹಣ್ಣಿನ ತಿರುಳನ್ನು ಮೊದಲ ಹುದುಗು ಮುಗಿದ ಮೇಲೆ ಹಾಕುತ್ತಾರೆ. ಬಾಟಲಿಯ ಸಾರದಿಂದ ಡಿಸೆಂಬರ್‌ನಲ್ಲೂ ಮಾವಿನ ಬಿಯರ್ ಬಡಿಸುವವರಿದ್ದಾರೆ, ಅದನ್ನು ನಾನು ಒಪ್ಪುವುದಿಲ್ಲ.

ಇನ್ನು ಹಬ್ಬಗಳ ಮಾತು. ಎಲ್ಲರಿಗೂ ಗೊತ್ತಿರುವ ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ 1810ರಲ್ಲಿ ಯುವರಾಜ ಲುಡ್ವಿಗ್ ಮತ್ತು ತೆರೆಸೆಯವರ ಮದುವೆಯ ಸಂಭ್ರಮವಾಗಿ, ಕುದುರೆ ಓಟದೊಂದಿಗೆ ಆರಂಭವಾಯಿತು. ಇಂದು ಲೋಕದ ಜನರೆಲ್ಲ ಅಲ್ಲಿಗೆ ಹೋದರೂ ಅದು ಇಂದಿಗೂ ಒಂದು ಊರಿನ ಹಬ್ಬ: ಮ್ಯೂನಿಕ್ ನಗರದ ಆರು ಬ್ರೂವರಿಗಳ ಬಿಯರ್ ಬಿಟ್ಟು ಬೇರೆಯದಕ್ಕೆ ಅಲ್ಲಿ ಜಾಗವಿಲ್ಲ. ಬವೇರಿಯಾದ್ದೇ ಆದ ಎರ್ಲಾಂಗೆನ್ ಎಂಬ ಊರಿನ ಬೆಟ್ಟದ ಜಾತ್ರೆ ಅದಕ್ಕಿಂತ ಹಳೆಯದು, 1755ರಿಂದ ನಡೆಯುತ್ತಿದೆ. ಅಮೆರಿಕದ ಕೊಲರಾಡೋದಲ್ಲಿ 1982ರಲ್ಲಿ ಶುರುವಾದ ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್ ಇನ್ನೊಂದು ಬಗೆಯದು. ಅಲ್ಲಿ ಲೀಟರ್ ಲೋಟ ಕಾಣುವುದಿಲ್ಲ, ಒಂದು ಸಲಕ್ಕೆ ಸುಮಾರು 30 ಮಿಲಿಲೀಟರ್‌ನಷ್ಟು ರುಚಿಗೆಂದು ಸುರಿಯುತ್ತಾರೆ. ಯಾಕಿಮಾದಲ್ಲಿ ಕೊಯ್ಲು ಮುಗಿದ ಮೇಲೆ ಅಕ್ಟೋಬರ್ ಆರಂಭದಲ್ಲಿ ಹಸಿ ಹಾಪ್ಸ್ ಬಿಯರುಗಳಿಗೆಂದೇ ಹಬ್ಬ ನಡೆಯುತ್ತದೆ. ಸಣ್ಣ ಬ್ರೂವರಿಗೆ ನಿಜವಾಗಿ ಉಪಯೋಗವಾಗುವುದು ಈ ಕೊನೆಯ ಎರಡು ಬಗೆಗಳಿಂದಲೇ ಎಂಬುದು ನನ್ನ ಅಭಿಪ್ರಾಯ. ಗುಟುಕು ಗುಟುಕಾಗಿ ಕುಡಿಯುವವರು ಹೋಲಿಸಿ ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ; ಲೋಟಗಟ್ಟಲೆ ಕುಡಿಯುವವರಿಗೆ ಎರಡನೆಯ ಲೋಟದ ನಂತರ ಯಾವ ಬ್ರೂವರಿಯದೆಂಬುದೂ ನೆನಪಿರುವುದಿಲ್ಲ.

ಆದಾಯವನ್ನು ನಂಬಿ ಹಬ್ಬಕ್ಕೆ ಹೋದರೆ ನಿರಾಶೆಯಾಗುತ್ತದೆ. ಮಳಿಗೆಯ ಬಾಡಿಗೆ, ಸಾಗಣೆ, ಜನರ ಕೂಲಿ ಕಳೆದರೆ ಉಳಿಯುವುದು ಕಡಿಮೆ, ಜೊತೆಗೆ ಬಿಯರ್ ಕೆಡುವ ಅಪಾಯ ಬೇರೆ. ಬಿಯರ್ ತುಂಬಿದ ಲೋಹದ ಪೀಪಾಯಿಯನ್ನು, ಅಂದರೆ ಕೆಗ್ಗನ್ನು, ವಾಹನದಲ್ಲಿ ಕುಲುಕಿಸಿ ತಂದು ನೇರವಾಗಿ ಸುರಿಯಲು ಹೋದರೆ ಬರೀ ನೊರೆ ಬರುತ್ತದೆ; ಅದು ತಣ್ಣಗೆ ಅಲುಗದೆ ಕೂರಬೇಕು. ಬಿಸಿಲಿಗೆ ಬಿದ್ದ ರಬ್ಬರ್ ಕೊಳವೆ ಒಂದೇ ಮಾರಿನಷ್ಟಿದ್ದರೂ ಸಾಕು, ಒಳಗಿನ ಅನಿಲ ಬಿಟ್ಟುಕೊಂಡು ಅರ್ಧ ಲೋಟ ನೊರೆಯಾಗುತ್ತದೆ. ಅದಕ್ಕೆ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯೊಳಗೆ ಸುರುಳಿ ಸುತ್ತಿದ ಲೋಹದ ಕೊಳವೆಯ ಮೂಲಕ ಬಿಯರನ್ನು ಹಾಯಿಸುತ್ತಾರೆ.

ಇಷ್ಟೆಲ್ಲ ಪಾಡು ಪಟ್ಟು ಹೋಗುವುದಾದರೂ ಏಕೆ? ಬೆಂಗಳೂರಿನ ಒಂದು ಸಣ್ಣ ಹಬ್ಬದಲ್ಲಿ ನಮ್ಮ ರಾಗಿಯ ಬಿಯರ್ ಸುರಿಯುತ್ತಿದ್ದ ಮಳಿಗೆಯ ಹಿಂದೆ ನಾನು ನಿಂತಿದ್ದೆ. ಹಾಸನದ ಕಡೆಯವರೊಬ್ಬರು ಒಂದು ಗುಟುಕು ಕುಡಿದು, “ಮೊದಲು ಹುರಿಹಿಟ್ಟಿನ ಘಮ ಬರುತ್ತೆ ಸರ್, ಆಮೇಲೆ ಕಹಿ ಬಂದು ಅದನ್ನು ಮುಚ್ಚಿಬಿಡುತ್ತೆ” ಎಂದರು. ಬ್ರೂವರ್ ತನ್ನ ಪುಸ್ತಕ ತೆಗೆದು ಅಲ್ಲೇ ಬರೆದುಕೊಂಡರು, ಮುಂದಿನ ಸಲ ಹಾಪ್ಸ್ ತಗ್ಗಿಸಿದರು, ನನಗೆ ರಾಗಿಯನ್ನು ಇನ್ನೊಂದು ಹದ ಹುರಿದು ಕಳಿಸಲು ಹೇಳಿದರು. ಹುರಿಹಿಟ್ಟು ತಿಂದು ಬೆಳೆದ ನಾಲಿಗೆ ಮಾತ್ರ ಹೇಳಬಹುದಾದ ಮಾತು ಅದು. ಮಾಡಿದವರೇ ನಲ್ಲಿಯ ಹಿಂದೆ ನಿಂತಿದ್ದರೆ ಮಾತ್ರ ಅದು ಅವರ ಕಿವಿಗೆ ಬೀಳುತ್ತದೆ. ಬಾಡಿಗೆ ಹುಡುಗರನ್ನು ನಿಲ್ಲಿಸಿ, ದೊಡ್ಡ ಧ್ವನಿವರ್ಧಕ ಹಚ್ಚಿ ನಡೆಸುವ ಕೂಟಗಳಲ್ಲಿ ಅಂಥ ಮಾತಿಗೆ ಆಸ್ಪದವೇ ಇಲ್ಲ.

ನಮ್ಮ ಕಡೆ ನಡೆದೀತೇ ಎಂಬುದಕ್ಕೆ ನನ್ನ ಉತ್ತರ ಹೀಗಿದೆ. ಕಾಳು ನಮ್ಮದಿದೆ, ಹೊಟ್ಟು ನಮ್ಮದಿದೆ, ಬೆಳೆದವರು ಇಲ್ಲೇ ಇದ್ದಾರೆ. ಜೊತೆಗೆ ತಿನ್ನಲು ದಾವಣಗೆರೆಯ ಮಂಡಕ್ಕಿ–ಮೆಣಸಿನಕಾಯಿಗಿಂತ ಒಳ್ಳೆಯದು ಬೇಕಿಲ್ಲ. ಹಾಪ್ಸ್‌ನ ಕಹಿ ಮೆಣಸಿನ ಉರಿಯನ್ನು ಹೆಚ್ಚಿಸುತ್ತದೆ, ಮಾಲ್ಟಿನ ಸಿಹಿ ತಗ್ಗಿಸುತ್ತದೆ. ಮಿರ್ಚಿ ತಿನ್ನುವವರಿಗೆ ಕಹಿ ಬಿಯರಿಗಿಂತ ರಾಗಿಯದೇ ವಾಸಿ. ಆದರೆ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಬಿಯರ್ ಮಾಡುವುದಕ್ಕಾಗಲಿ ಮಾರುವುದಕ್ಕಾಗಲಿ ಬರುವುದಿಲ್ಲ. ಬ್ರೂವರಿಯ ಆವರಣದಲ್ಲಿ ಮಾರುವ ಅನುಮತಿ ಬೇರೆ, ಇನ್ನೊಂದು ಊರಿಗೆ ಸಾಗಿಸಿ ಸುರಿಯುವ ಅನುಮತಿ ಬೇರೆ. ಹೀಗಾಗಿ ಮೊದಲ ಹೆಜ್ಜೆ ಮೈದಾನ ಹುಡುಕುವುದಲ್ಲ, ಜಿಲ್ಲೆಯ ಅಬಕಾರಿ ಕಚೇರಿಗೆ ಹೋಗುವುದು. ಮಾಡುವುದಾದರೆ ಫೆಬ್ರುವರಿ ಮೊದಲ ವಾರದಲ್ಲಿ, ಹೊಸ ರಾಗಿಯ ಬಿಯರ್ ಟ್ಯಾಂಕಿನಿಂದ ಇಳಿದಿರುವಾಗ, ಸಂಜೆಯ ತಂಪಿನಲ್ಲಿ, ಸಣ್ಣ ಅಳತೆಯ ಲೋಟಗಳಲ್ಲಿ ಮಾಡಬೇಕು. ರಾಗಿ ಬೆಳೆದ ರೈತರನ್ನು ಕರೆಸಿ ಮಳಿಗೆಯ ಮುಂದೆ ಕೂರಿಸಬೇಕು.

ಅಲ್ಲಿಯವರೆಗೆ ನಿಮಗೆ ಆ ಬಿಯರ್ ಮತ್ತೆ ಬೇಕಾದರೆ ಜನವರಿ ಮೂರನೆಯ ವಾರದ ನಂತರ, ಬಸ್ಸು ಹತ್ತುವ ಮೊದಲು ಫೋನ್ ಮಾಡಿ ವಿಚಾರಿಸಿ. ಇದೆ ಎಂದರೆ, ರಾಗಿ ಯಾವ ಸುಗ್ಗಿಯದು, ಎಲ್ಲಿಯದು ಎಂದೂ ಕೇಳಿ. ಮಾಡಿದವರು ಫೋನಿಗೆ ಬಂದು ಉತ್ತರಿಸಿದರೆ ಹೋಗಿ ಬನ್ನಿ.