ರಿಪೋರ್ಟ್ ಎಲ್ಲ ನಾರ್ಮಲ್, ಹೊಟ್ಟೆನೋವು ಮಾತ್ರ ಬಿಟ್ಟಿಲ್ಲ: ಕರುಳಿನ ಬ್ಯಾಕ್ಟೀರಿಯಾ ಕಾರಣವೇ?

ಪ್ರಶ್ನೆ: ಎಂಟು ತಿಂಗಳ ಹಿಂದೆ ಜೋರು ವಾಂತಿ-ಭೇದಿಯಾಗಿ ನಾಲ್ಕು ದಿನದಲ್ಲಿ ಗುಣವಾಯಿತು. ಅಂದಿನಿಂದ ಊಟವಾದ ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬರಿಸಿ, ಹಿಂಡಿದಂತೆ ನೋವು. ಮಲ ಹೋದರೆ ಕಡಿಮೆಯಾಗುತ್ತದೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಕೊಲೊನೋಸ್ಕೋಪಿ ಎಲ್ಲ ನಾರ್ಮಲ್. ಮನೆಯವರು ‘ಎಲ್ಲ ನಿನ್ನ ಮನಸ್ಸಿಂದೇ’ ಅನ್ನುತ್ತಾರೆ. ಕರುಳಿನ ಬ್ಯಾಕ್ಟೀರಿಯಾದಿಂದ ಹೀಗಾಗುತ್ತದೆಯೇ? ಪ್ರೊಬಯಾಟಿಕ್ ತೆಗೆದುಕೊಳ್ಳಲೇ?

ಉತ್ತರ: ನಿಮ್ಮ ನೋವು ನಿಜ. ಈ ಮಾತನ್ನು ಮನೆಯವರಿಗೂ ಓದಿ ಹೇಳಿ. ಸ್ಕ್ಯಾನಿಂಗ್, ಕೊಲೊನೋಸ್ಕೋಪಿ ಹುಡುಕುವುದು ಹುಣ್ಣು, ಗಡ್ಡೆ, ಊತವನ್ನು; ನರ ಎಷ್ಟು ಸೂಕ್ಷ್ಮವಾಗಿದೆ ಎಂಬುದು ಅವಕ್ಕೆ ಕಾಣುವುದಿಲ್ಲ. ಅದನ್ನು ಅಳೆಯಲು ಸಂಶೋಧಕರು ಗುದನಾಳದೊಳಗೆ ಸಣ್ಣ ಬಲೂನು ಇಟ್ಟು ಸ್ವಲ್ಪಸ್ವಲ್ಪವೇ ಗಾಳಿ ತುಂಬುತ್ತಾರೆ. ಬೇರೆಯವರಿಗೆ ಬರೀ ಒತ್ತಿದಂತೆ ಅನಿಸುವ ಹಂತದಲ್ಲೇ ಇರಿಟೇಬಲ್ ಬವೆಲ್ ಸಿಂಡ್ರೋಮ್ (ಐಬಿಎಸ್), ಅಂದರೆ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಹೊಟ್ಟೆನೋವು, ಮಲದ ಏರುಪೇರು ಕಾಡುವ ಕರುಳಿನ ತೊಂದರೆ, ಇರುವ ಅನೇಕರಿಗೆ ನೋವು ಶುರುವಾಗುತ್ತದೆ. ನಿಮ್ಮ ಲಕ್ಷಣಗಳು ಸೋಂಕಿನ ನಂತರ ಬರುವ ಐಬಿಎಸ್‌ಗೆ ಹೋಲುತ್ತವೆ. ಕರುಳಿನ ಸೋಂಕಾದವರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಇದು ಬರುತ್ತದೆ.

ಬ್ಯಾಕ್ಟೀರಿಯಾದ ಪಾತ್ರಕ್ಕೆ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು 2013ರಲ್ಲಿ. ಸೂಕ್ಷ್ಮಾಣುಗಳೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಐಬಿಎಸ್ ರೋಗಿಗಳ ಮಲದ ಬ್ಯಾಕ್ಟೀರಿಯಾ ಸೇರಿಸಿದಾಗ, ಅವುಗಳ ಕರುಳೂ ಹಿಗ್ಗುವಿಕೆಗೆ ಅತಿಸೂಕ್ಷ್ಮವಾಯಿತು. ಆರೋಗ್ಯವಂತರ ಬ್ಯಾಕ್ಟೀರಿಯಾ ಪಡೆದ ಇಲಿಗಳಿಗೆ ಹಾಗಾಗಲಿಲ್ಲ.

ಕರುಳಿನ ಗೋಡೆಯಲ್ಲಿ ನಡೆಯುವುದು ಇಷ್ಟು. ಅಲ್ಲಿ ನೋವಿನ ನರದ ತುದಿಗಳ ಪಕ್ಕದಲ್ಲೇ ರೋಗನಿರೋಧಕ ವ್ಯವಸ್ಥೆಯ ಮಾಸ್ಟ್ ಕೋಶಗಳಿರುತ್ತವೆ. ಅವು ಹಿಸ್ಟಮಿನ್ ಎಂಬ, ಅಲರ್ಜಿಯಲ್ಲೂ ಹೊರಬರುವ ರಾಸಾಯನಿಕ ಬಿಟ್ಟಾಗ ನರದ ಮೇಲಿನ ಟಿಆರ್‌ಪಿವಿ1 ಗ್ರಾಹಕ, ಅಂದರೆ ಮೆಣಸಿನಕಾಯಿಯ ಖಾರವನ್ನು ಉರಿಯೆಂದು ಗುರುತಿಸುವ ಅದೇ ಗ್ರಾಹಕ, ಮೊದಲಿಗಿಂತ ಬೇಗ ಕೆರಳುತ್ತದೆ. ಆಮೇಲೆ ಮಾಮೂಲಿ ಗ್ಯಾಸೂ ನೋವಾಗಿ ಕಾಣುತ್ತದೆ. ಕ್ಲೆಬ್ಸಿಯೆಲ್ಲಾ ಏರೋಜೀನಸ್‌ನಂಥ ಕೆಲವು ಬ್ಯಾಕ್ಟೀರಿಯಾ ತಾವೇ ಹಿಸ್ಟಮಿನ್ ತಯಾರಿಸುತ್ತವೆ. ಸೋಂಕು ಇದ್ದಾಗ ತಿಂದ ಆಹಾರದ ಪ್ರೋಟೀನನ್ನೇ ಕರುಳು ಶತ್ರುವೆಂದು ನೆನಪಿಟ್ಟುಕೊಳ್ಳುವುದೂ ಉಂಟು. 2021ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು. ಆ ಪ್ರೋಟೀನಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು ಕರುಳಿನ ಗೋಡೆಯಲ್ಲಷ್ಟೇ ಇರುವುದರಿಂದ ರಕ್ತದ ಅಲರ್ಜಿ ಪರೀಕ್ಷೆಯಲ್ಲಿ ಸಿಗುವುದಿಲ್ಲ.

ಪ್ರೊಬಯಾಟಿಕ್, ಅಂದರೆ ಆರೋಗ್ಯಕ್ಕೆಂದು ಸೇವಿಸುವ ಜೀವಂತ ಬ್ಯಾಕ್ಟೀರಿಯಾದ ವಿಷಯಕ್ಕೆ ಬರೋಣ. ‘ಒಳ್ಳೆಯ ಬ್ಯಾಕ್ಟೀರಿಯಾ, ಜಾಸ್ತಿ ಇದ್ದಷ್ಟೂ ಒಳ್ಳೆಯದು’ ಎಂಬ ನಂಬಿಕೆ ತಪ್ಪು. 2006ರಲ್ಲಿ ಐಬಿಎಸ್ ಇದ್ದ 362 ಮಹಿಳೆಯರಿಗೆ ಬೈಫಿಡೋಬ್ಯಾಕ್ಟೀರಿಯಂ ಇನ್‌ಫ್ಯಾಂಟಿಸ್ 35624 ಎಂಬ ತಳಿಯನ್ನು ಮೂರು ಪ್ರಮಾಣಗಳಲ್ಲಿ ಕೊಟ್ಟು ನೋಡಿದರು. 10 ಕೋಟಿ ಬ್ಯಾಕ್ಟೀರಿಯಾ ಇದ್ದ ಕ್ಯಾಪ್ಸೂಲ್ ನೋವು ತಗ್ಗಿಸಿತು. 1,000 ಕೋಟಿ ಇದ್ದದ್ದು ತಗ್ಗಿಸಲಿಲ್ಲ. ಆಮೇಲೆ ನೋಡಿದರೆ, ಅಷ್ಟು ಒತ್ತಾಗಿ ತುಂಬಿದ ಪುಡಿ ನೀರು ತಾಗಿದೊಡನೆ ಅಂಟಿನ ಮುದ್ದೆಯಾಗಿ, ಬ್ಯಾಕ್ಟೀರಿಯಾ ಹೊರಗೆ ಬರುತ್ತಲೇ ಇರಲಿಲ್ಲ! ಅದಕ್ಕೇ ಡಬ್ಬಿಯ ಮೇಲೆ ತಳಿಯ ಹೆಸರು, 35624ರಂಥ ಅದರ ಗುರುತಿನ ಸಂಖ್ಯೆ ಎರಡೂ ಇವೆಯೇ ನೋಡಿ. ಬ್ಯಾಕ್ಟೀರಿಯಾದ ಲೆಕ್ಕ ತಯಾರಾದ ದಿನದ್ದೋ, ಎಕ್ಸ್‌ಪೈರಿ ದಿನದವರೆಗಿನದ್ದೋ ಎಂಬುದನ್ನೂ ಗಮನಿಸಿ. ಎರಡನೆಯದೇ ನಂಬಲು ಯೋಗ್ಯ.

ಒಂದೇ ಉತ್ಪನ್ನವನ್ನು ದಿನವೂ ಕನಿಷ್ಠ 4 ವಾರ ತೆಗೆದುಕೊಳ್ಳಿ. 12 ವಾರವಾದರೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ. ಮೊದಲ ವಾರ ಗ್ಯಾಸ್ ಹೆಚ್ಚಬಹುದು, ಗಾಬರಿ ಬೇಡ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯಲ್ಲಿರುವವರು ಮಾತ್ರ ವೈದ್ಯರನ್ನು ಕೇಳದೆ ಶುರುಮಾಡಕೂಡದು.

ಹೆಚ್ಚಿನವರು ಎಡವುವುದು ಇಲ್ಲಿ: ಪ್ರೊಬಯಾಟಿಕ್, ನಾರು, ಪಥ್ಯ ಎಲ್ಲವನ್ನೂ ಒಂದೇ ವಾರದಲ್ಲಿ ಶುರುಮಾಡುತ್ತಾರೆ. ಆಮೇಲೆ ಯಾವುದು ಫಲ ಕೊಟ್ಟಿತು, ಯಾವುದು ಕೆಡಿಸಿತು ಎಂದು ತಿಳಿಯುವುದೇ ಇಲ್ಲ. ಏನನ್ನೂ ಬದಲಿಸುವ ಮೊದಲು ಎರಡು ವಾರ ಬರೆದಿಡಿ: ತಿಂದದ್ದು, ಹೊತ್ತು, ನೋವಿಗೆ 0ಯಿಂದ 10ರೊಳಗೆ ಅಂಕ, ಮಲ ಗಟ್ಟಿಯೋ ನೀರೋ, ನಿದ್ದೆ ಎಷ್ಟು.

ನಾರು ಬೇಕೆಂದರೆ ಇಸಬ್‌ಗೋಲ್ ದಿನಕ್ಕೆ 3-4 ಗ್ರಾಮ್‌ನಿಂದ ಶುರುಮಾಡಿ, ದೊಡ್ಡ ಲೋಟ ನೀರಿನೊಂದಿಗೆ, ನಿಧಾನವಾಗಿ ಏರಿಸಿ. ಗೋಧಿ ತವುಡು ಬೇಡ, ಅದು ಉಬ್ಬರ, ನೋವು ಎರಡನ್ನೂ ಹೆಚ್ಚಿಸಬಲ್ಲದು. ಕರುಳಿನಲ್ಲಿ ಬೇಗ ಹುದುಗುವ ಆಹಾರಗಳನ್ನು ಬಿಡುವ ಫಾಡ್‌ಮ್ಯಾಪ್ ಪಥ್ಯ ಹಲವರಿಗೆ ಆರಾಮ ಕೊಡುತ್ತದೆ, ಆದರೆ ಆಹಾರತಜ್ಞರ ಸಲಹೆಯಿಂದ ಮಾತ್ರ, 4ರಿಂದ 6 ವಾರ. ಮುಂದುವರಿಸಿದರೆ ನಮಗೆ ಬೇಕಾದ ಬೈಫಿಡೋಬ್ಯಾಕ್ಟೀರಿಯಾವೇ ಹಸಿದು ಕಡಿಮೆಯಾಗುತ್ತವೆ. ಆಮೇಲೆ ಒಂದೊಂದು ಆಹಾರವನ್ನು ಮೂರು ದಿನ, ಸ್ವಲ್ಪದಿಂದ ಮಾಮೂಲಿ ಪ್ರಮಾಣದವರೆಗೆ ತಿಂದು ನೋಡಿ, ನೋವು ತರುವಂಥದ್ದನ್ನಷ್ಟೇ ಬಿಡಿ.

ಪ್ರಶ್ನೆ: ಮಲದ ಮೈಕ್ರೋಬಯೋಮ್ (ಕರುಳಿನ ಸೂಕ್ಷ್ಮಾಣುಗಳ ಸಮೂಹ) ಪರೀಕ್ಷೆ ಮಾಡಿಸಿದರೆ ಯಾವ ಬ್ಯಾಕ್ಟೀರಿಯಾ ನೋವು ಕೊಡುತ್ತಿದೆ ಎಂದು ಗೊತ್ತಾಗುತ್ತದೆಯೇ?

ಉತ್ತರ: ಇಲ್ಲ. ಮಲದಲ್ಲಿ ಸಿಗುವ ಬ್ಯಾಕ್ಟೀರಿಯಾ, ಕರುಳಿನ ಗೋಡೆಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಒಂದೇ ಅಲ್ಲ. ಸಕ್ಕರೆ ಕಾಯಿಲೆಗೆ ಇರುವಂತೆ ‘ಇಷ್ಟಿದ್ದರೆ ಸರಿ’ ಎಂಬ ಒಪ್ಪಿತ ಮಟ್ಟವೂ ಇದಕ್ಕಿಲ್ಲ. ಅದರ ಬದಲು ಮಲದ ಕ್ಯಾಲ್ಪ್ರೊಟೆಕ್ಟಿನ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಕರುಳಿನಲ್ಲಿ ಉರಿಯೂತ ಇದೆಯೇ ಎಂಬುದನ್ನು ಅದು ಸೂಚಿಸುತ್ತದೆ. ಮಲದಲ್ಲಿ ರಕ್ತ, ತೂಕ ಇಳಿಯುವುದು, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಇವುಗಳಲ್ಲಿ ಒಂದಿದ್ದರೂ ಪ್ರೊಬಯಾಟಿಕ್ ನಂಬಿ ಕಾಯಬೇಡಿ, ಈ ವಾರವೇ ವೈದ್ಯರಿಗೆ ತೋರಿಸಿ.