ಕಾರ್ಡ್ ಬ್ಲಾಕ್ ಆಗಿದೆ, ಆದರೆ ದೂರು ದಾಖಲಾಗಿದೆಯೇ?

ನಿಮ್ಮ ಪ್ರಶ್ನೆಯನ್ನು ನಾನು ತಿಳಿದುಕೊಂಡದ್ದು ಹೀಗೆ: ಅಂಕೋಲೆಯಲ್ಲಿರುವ ನಿವೃತ್ತ ಶಿಕ್ಷಕಿಯಾದ ನಿಮ್ಮ ತಾಯಿಯವರ ಕ್ರೆಡಿಟ್ ಕಾರ್ಡಿನಲ್ಲಿ ಬುಧವಾರ ರಾತ್ರಿ ಡಾಲರ್ ಲೆಕ್ಕದ ಮೂರು ಖರ್ಚುಗಳು ಬಿದ್ದಿವೆ, ಒಟ್ಟು ಸುಮಾರು ₹41,000. ಓಟಿಪಿ ಬಂದಿಲ್ಲ. ಕಸ್ಟಮರ್ ಕೇರಿನವರು ಕಾರ್ಡ್ ಬ್ಲಾಕ್ ಮಾಡಿ, ಬಿಲ್ ಬಂದಾಗ ಮೊದಲು ಪೂರ್ತಿ ಕಟ್ಟಿ, ತನಿಖೆ ಆಮೇಲೆ ಎಂದಿದ್ದಾರೆ. ಮನೆಯಲ್ಲಿ ನಿಮ್ಮ ಅಣ್ಣ, ಅಮ್ಮನೇ ಯಾರಿಗೋ ನಂಬರ್ ಹೇಳಿರಬೇಕು ಎಂದು ರೇಗುತ್ತಿದ್ದಾರೆ. ಮುಂದೇನು ಎಂದು ಕೇಳಿದ್ದೀರಿ.

ಬೇರೆಲ್ಲಕ್ಕಿಂತ ಮೊದಲು ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಿ. ಕಾರ್ಡ್ ಬ್ಲಾಕ್ ಮಾಡುವುದು ಒಂದು ಕೆಲಸ, ಈ ಮೂರು ಖರ್ಚುಗಳು ನಮ್ಮವಲ್ಲ ಎಂದು ದೂರು ದಾಖಲಿಸುವುದು ಇನ್ನೊಂದು ಕೆಲಸ. ಮೊದಲನೆಯದು ಆದರೆ ಎರಡನೆಯದೂ ತಾನಾಗಿ ಆಯಿತು ಎಂದು ನಾನು ನಂಬಿ ಕುಳಿತದ್ದರಿಂದ ಮೂರು ತಿಂಗಳು ನೆಮ್ಮದಿ ಕಳೆದುಕೊಂಡೆ.

ನನ್ನ ಮನೆ ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲಿ ಟವರೂ ನಿಲ್ಲುತ್ತದೆ, ಮತ್ತೆ ಸಿಗ್ನಲ್ ಬೇಕೆಂದರೆ ತೋಟದಿಂದ ಗುಡ್ಡ ಹತ್ತಬೇಕು. ಎರಡು ವರ್ಷಗಳ ಹಿಂದೆ ಅಂಥ ಒಂದು ವಾರದಲ್ಲಿ ನನ್ನ ಕಾರ್ಡಿನಲ್ಲಿ ಮೊದಲು ₹89ರ ಒಂದು ಖರ್ಚು ಬಿತ್ತು. ಯಾವುದೋ ಚಂದಾ ಇರಬೇಕೆಂದು ನಾನು ಅದನ್ನು ಗಮನಿಸಲಿಲ್ಲ. ಕದ್ದ ಕಾರ್ಡ್ ನಂಬರ್ ಇನ್ನೂ ನಡೆಯುತ್ತದೆಯೇ ಎಂದು ಹೀಗೆ ಸಣ್ಣ ಮೊತ್ತದಿಂದ ಪರೀಕ್ಷಿಸಿ ನೋಡುವುದು ವಂಚಕರ ರೂಢಿ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಎರಡು ದಿನದ ನಂತರ ₹27,400 ಹೋಯಿತು. ಮೆಸೇಜ್ ಕಂಡ ಕೂಡಲೇ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿದೆ. ಹನ್ನೆರಡು ದಿನ ಕಳೆದು ಬಿಲ್ ಬಂದಾಗ ಆ ಮೊತ್ತ ಹಾಗೆಯೇ ಇತ್ತು. ವಿಚಾರಿಸಿದರೆ, ನಿಮ್ಮ ಹೆಸರಿನಲ್ಲಿ ದಾಖಲಾಗಿರುವುದು ಕಾರ್ಡ್ ಕಳೆದುಹೋಗಿದೆ ಎಂಬ ಕೋರಿಕೆ ಮಾತ್ರ, ಖರ್ಚಿನ ಬಗ್ಗೆ ತಕರಾರು ದಾಖಲಾಗಿಲ್ಲ, ಈಗ ಅವಧಿ ಮೀರಿದೆ ಎಂದರು. ನಾನು ಮೊದಲ ದಿನವೇ ಮಾಡಿದ್ದ ಕರೆಯ ದಿನಾಂಕ, ಗಂಟೆ, ಮಾತಾಡಿದ ಅವಧಿ ಫೋನಿನಲ್ಲಿ ಉಳಿದಿದ್ದವು. ಅವುಗಳ ಚಿತ್ರ ಲಗತ್ತಿಸಿ, ಆ ಕರೆಯ ಧ್ವನಿಮುದ್ರಣವನ್ನು ತೆಗೆದು ಕೇಳಬೇಕೆಂದು ಲಿಖಿತವಾಗಿ ಒತ್ತಾಯಿಸಿದ ಮೇಲಷ್ಟೇ ಬ್ಯಾಂಕು ನನ್ನ ದೂರನ್ನು ಅಂದಿನ ದಿನಾಂಕಕ್ಕೆ ಒಪ್ಪಿಕೊಂಡಿತು.

ದಿನಾಂಕಕ್ಕೆ ಇಷ್ಟು ಬೆಲೆ ಬಂದಿರುವುದು ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಿಂದ. ಗ್ರಾಹಕರ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಬೇರೆಲ್ಲೋ ಮಾಹಿತಿ ಸೋರಿ ವಂಚನೆ ನಡೆದಿದ್ದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ಒಂದು ರೂಪಾಯಿಯ ಹೊಣೆಯೂ ಬೀಳಬಾರದು ಎಂದು ಅದು ಹೇಳುತ್ತದೆ. ನಾಲ್ಕರಿಂದ ಏಳು ದಿನದೊಳಗೆ ತಿಳಿಸಿದರೆ, ₹5 ಲಕ್ಷದವರೆಗೆ ಮಿತಿಯಿರುವ ಕ್ರೆಡಿಟ್ ಕಾರ್ಡಿನಲ್ಲಿ ಹೆಚ್ಚೆಂದರೆ ₹10,000, ಅದಕ್ಕೂ ಮೇಲಿನ ಮಿತಿಯ ಕಾರ್ಡಿನಲ್ಲಿ ₹25,000 ಗ್ರಾಹಕರ ಪಾಲಿಗೆ ಬರಬಹುದು. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯಂತೆ ತೀರ್ಮಾನವಾಗುತ್ತದೆ. ಬ್ಯಾಂಕಿನದೇ ಲೋಪವಿದ್ದರೆ ಈ ದಿನಗಳ ಲೆಕ್ಕವೇ ಇಲ್ಲ. ಮಾಹಿತಿ ಬಂದ ದಿನವನ್ನು ಬಿಟ್ಟು, ನಿಮ್ಮ ಮೂಲ ಶಾಖೆಯ ಕೆಲಸದ ದಿನಗಳನ್ನಷ್ಟೇ ಎಣಿಸಬೇಕು. ನಿಮ್ಮ ವಿಷಯದಲ್ಲಿ ಗುರುವಾರ ಒಂದು, ಇಂದು ಶುಕ್ರವಾರ ಎರಡು; ನಾಳೆ ಎರಡನೇ ಶನಿವಾರ, ನಾಡಿದ್ದು ಭಾನುವಾರ; ಸೋಮವಾರ ಮೂರನೆಯ ದಿನ. ಆದರೂ ಸೋಮವಾರದವರೆಗೆ ಕಾಯಬೇಡಿ.

ಇಂದೇ ತಾಯಿಯವರ ಹೆಸರಿನಲ್ಲಿ, ಅವರದೇ ಸಹಿಯಿರುವ ಒಂದು ಪತ್ರವನ್ನು ಸಿದ್ಧಪಡಿಸಿ. ಕಾರ್ಡಿನ ಕೊನೆಯ ನಾಲ್ಕು ಅಂಕಿಗಳು, ಮೂರು ಖರ್ಚುಗಳ ದಿನಾಂಕ, ಸಮಯ, ಮೊತ್ತ, ಮೆಸೇಜಿನಲ್ಲಿ ಕಂಡ ವ್ಯಾಪಾರಿಯ ಹೆಸರು, ಕಸ್ಟಮರ್ ಕೇರಿಗೆ ಫೋನ್ ಮಾಡಿದ ಗಂಟೆ, ಇವು ನನ್ನ ಖರ್ಚುಗಳಲ್ಲ, ನಾನು ಅನುಮತಿ ಕೊಟ್ಟಿಲ್ಲ ಎಂಬ ಸ್ಪಷ್ಟ ವಾಕ್ಯ, ಇಷ್ಟಿದ್ದರೆ ಸಾಕು. ಕಾರ್ಡಿನ ಪೂರ್ತಿ ನಂಬರನ್ನೂ ಹಿಂಬದಿಯ ಮೂರು ಅಂಕಿಗಳನ್ನೂ ಬರೆಯಬೇಡಿ. ಬ್ಯಾಂಕಿನ ಅಧಿಕೃತ ಇಮೇಲಿಗೆ ಕಳುಹಿಸಿ, ಅದೇ ಪತ್ರದ ಎರಡು ಪ್ರತಿಗಳನ್ನು ಶಾಖೆಗೆ ಒಯ್ದು, ಒಂದರ ಮೇಲೆ ಮೊಹರು, ದಿನಾಂಕ ಹಾಕಿಸಿಕೊಂಡು ಬನ್ನಿ. ಕ್ರೆಡಿಟ್ ಕಾರ್ಡಿನ ವಿಭಾಗ ನಮ್ಮಲ್ಲಿಲ್ಲ ಎಂದು ಶಾಖೆಯವರು ಹೇಳಬಹುದು. ಸ್ವೀಕೃತಿ ಕೊಟ್ಟು ಆ ವಿಭಾಗಕ್ಕೆ ಕಳುಹಿಸಿ ಎಂದು ವಿನಯದಿಂದಲೇ ಪಟ್ಟು ಹಿಡಿಯಿರಿ. ಡಿಸ್ಪ್ಯೂಟ್ ಫಾರ್ಮ್, ಅಂದರೆ ತಕರಾರಿನ ಅರ್ಜಿ, ಕೊಟ್ಟರೆ ಅದನ್ನೂ ತುಂಬಿ. ದೂರಿನ ಸಂಖ್ಯೆ ಸಿಗದೆ ಮರಳಬೇಡಿ.

ಪತ್ರದಲ್ಲಿ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ, ಇದು ನಿಮ್ಮ ಪ್ರಕರಣದಲ್ಲಿ ಬಹಳ ತೂಕದ್ದು. ರಿಸರ್ವ್ ಬ್ಯಾಂಕಿನ 2020ರ ಜನವರಿ 15ರ ಸೂಚನೆಯ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶಿ ಮತ್ತು ಆನ್‌ಲೈನ್ ಬಳಕೆಯನ್ನು ಗ್ರಾಹಕರು ತಾವಾಗಿ ಕೇಳಿದರೆ ಮಾತ್ರ ತೆರೆಯಬೇಕು. ಹಳೆಯ ಕಾರ್ಡುಗಳಲ್ಲಿ ಅಂಥ ಬಳಕೆ ಒಮ್ಮೆಯೂ ಆಗಿರದಿದ್ದರೆ ಅದನ್ನು ಕಡ್ಡಾಯವಾಗಿ ಮುಚ್ಚಬೇಕಿತ್ತು. ತಾಯಿಯವರು ಅಂಗಡಿಯಲ್ಲಿ ಮಾತ್ರ ಕಾರ್ಡ್ ಬಳಸುತ್ತಿದ್ದವರಾದರೆ, ಈ ಕಾರ್ಡಿನಲ್ಲಿ ವಿದೇಶಿ ಬಳಕೆಯನ್ನು ಯಾರು, ಯಾವ ದಿನ, ಯಾವ ಮಾರ್ಗದಿಂದ ತೆರೆದರು ಎಂದು ಬ್ಯಾಂಕನ್ನೇ ಕೇಳಿ. ಗ್ರಾಹಕರ ತಪ್ಪೆಂದು ಸಾಬೀತುಪಡಿಸುವ ಹೊಣೆ ಬ್ಯಾಂಕಿನದು, ನಿರಪರಾಧವನ್ನು ರುಜುವಾತು ಮಾಡುವ ಹೊಣೆ ನಿಮ್ಮದಲ್ಲ.

ಮೊದಲು ಪೂರ್ತಿ ಕಟ್ಟಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದೂರು ಕೊಟ್ಟ ಹತ್ತು ಕೆಲಸದ ದಿನಗಳೊಳಗೆ ಆ ಮೊತ್ತವನ್ನು ಬ್ಯಾಂಕು ತಾತ್ಕಾಲಿಕವಾಗಿ ಜಮೆ ಮಾಡಬೇಕು, ತೊಂಬತ್ತು ದಿನಗಳೊಳಗೆ ದೂರನ್ನು ಇತ್ಯರ್ಥಗೊಳಿಸಬೇಕು. ವಂಚನೆ ಎಂದು ತಕರಾರು ಮಾಡಿದ ಖರ್ಚಿನ ಮೇಲೆ ಅದು ಇತ್ಯರ್ಥವಾಗುವವರೆಗೆ ಯಾವುದೇ ಶುಲ್ಕ ಹಾಕಬಾರದೆಂದು ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನಗಳಲ್ಲಿದೆ. ತಾಯಿಯವರು ನಿಜವಾಗಿ ಮಾಡಿದ ಖರ್ಚನ್ನು ಮಾತ್ರ ಗಡುವಿನೊಳಗೆ ತಪ್ಪದೆ ಕಟ್ಟಿ, ಉಳಿದದ್ದು ತಕರಾರಿನಲ್ಲಿದೆ ಎಂದು ಬರೆದು ತಿಳಿಸಿ. ಅವರ ಉಳಿತಾಯ ಖಾತೆಯಿಂದ ಬಿಲ್ಲಿನ ಪೂರ್ತಿ ಮೊತ್ತ ತಾನಾಗಿ ಕಡಿತವಾಗುವ ವ್ಯವಸ್ಥೆ ಇದೆಯೇ ಎಂಬುದನ್ನು ಇವತ್ತೇ ನೋಡಿ. ಇದ್ದರೆ ಪಿಂಚಣಿಯ ಹಣದಿಂದಲೇ ವಂಚಕರ ಸಾಲ ತೀರಿಹೋಗುತ್ತದೆ. ಜಮೆಯಾದ ಹಣ ತಾತ್ಕಾಲಿಕ ಎಂಬುದನ್ನೂ ಮರೆಯಬೇಡಿ. ತನಿಖೆ ನಿಮಗೆ ವಿರುದ್ಧವಾದರೆ ಅದನ್ನು ಹಿಂದಕ್ಕೆ ಪಡೆಯುತ್ತಾರೆ, ಹಾಗಾಗಿ ಅಂತಿಮ ಉತ್ತರವನ್ನು ಲಿಖಿತವಾಗಿ ಕೇಳಿ ಪಡೆಯಿರಿ.

ಪೊಲೀಸ್ ದೂರಿಗೆ 1930 ಸಂಖ್ಯೆಗೆ ಕರೆ ಮಾಡಿ, ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದಾಖಲಿಸಿ, ಬಂದ ಸಂಖ್ಯೆಯನ್ನು ಬ್ಯಾಂಕಿನ ಪತ್ರಕ್ಕೆ ಸೇರಿಸಿ. ಬ್ಯಾಂಕು ಎಫ್‌ಐಆರ್ ಬೇಕೆಂದರೆ ಕಾರವಾರದಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು) ಅಪರಾಧ ಠಾಣೆಯಿದೆ. ಪೊಲೀಸ್ ಕಾಗದ ಸಿಕ್ಕಿದ ಮೇಲೆ ಬ್ಯಾಂಕಿಗೆ ತಿಳಿಸೋಣ ಎಂದು ಮಾತ್ರ ತಡ ಮಾಡಬೇಡಿ. ಬ್ಯಾಂಕಿನ ದಿನಗಳು ಅದಕ್ಕಾಗಿ ನಿಲ್ಲುವುದಿಲ್ಲ.

ಬ್ಯಾಂಕು ಮೂವತ್ತು ದಿನದೊಳಗೆ ಉತ್ತರಿಸದಿದ್ದರೆ ಅಥವಾ ಅದರ ಉತ್ತರ ಸರಿಯೆನಿಸದಿದ್ದರೆ ಬ್ಯಾಂಕುಗಳ ಮೇಲಿನ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿಯೇ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನನ್ನ ಪ್ರಕರಣದಲ್ಲಿ ಆ ಮಟ್ಟಕ್ಕೆ ಹೋಗಬೇಕಾಗಲಿಲ್ಲ. ಅಲ್ಲಿಗೆ ಹೋಗುವ ಕಾಗದಗಳೆಲ್ಲ ಜೋಡಿಸಿಟ್ಟಿದ್ದೇನೆ ಎಂದು ಬರೆದ ಮೇಲೆ ಬ್ಯಾಂಕಿನವರ ಉತ್ತರದ ಧಾಟಿ ಬದಲಾಯಿತು.

ಇನ್ನು ತಾಯಿಯವರ ವಿಷಯ, ಇದನ್ನು ನಿಮ್ಮ ಅಣ್ಣನವರಿಗೂ ದಯವಿಟ್ಟು ಓದಿ ಹೇಳಿ. ವಿದೇಶದ ಅನೇಕ ವ್ಯಾಪಾರಿಗಳು ಓಟಿಪಿ ಕೇಳುವುದೇ ಇಲ್ಲ. ನಂಬರ್, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರು ಅಂಕಿ ಸಿಕ್ಕರೆ ಅವರಿಗೆ ಸಾಕು. ಆ ಅಂಕಿಗಳು ಯಾವುದೋ ವ್ಯಾಪಾರಿಯ ಕಡತದಿಂದ ಸೋರಿರಬಹುದು, ಯಂತ್ರದಿಂದ ಸಾವಿರಾರು ಅಂಕಿಗಳನ್ನು ಜೋಡಿಸಿ ನೋಡಿ ಊಹಿಸಿರಲೂಬಹುದು. ಓಟಿಪಿ ಬರದೆ ನಡೆದ ವಿದೇಶಿ ಖರ್ಚಿಗೆ ತಾಯಿಯವರು ಯಾರಿಗೋ ಏನೋ ಹೇಳಿರಲೇಬೇಕೆಂಬ ತರ್ಕ ನಿಲ್ಲುವುದಿಲ್ಲ. ಬೈಯುವ ಮನೆಯಲ್ಲಿ ಹಿರಿಯರು ನಡೆದದ್ದನ್ನು ಮುಚ್ಚಿಡುತ್ತಾರೆ, ಫಾರ್ಮಿನಲ್ಲಿಯೋ ಸತ್ಯವನ್ನೇ ಬರೆಯಬೇಕು. ಆದ್ದರಿಂದ ಇಬ್ಬರೂ ಪಕ್ಕದಲ್ಲಿ ಕುಳಿತು ಮೂರನ್ನೇ ಕೇಳಿ: ಬ್ಯಾಂಕಿನವರೆಂದು ಯಾರಾದರೂ ಫೋನ್ ಮಾಡಿದ್ದರೇ, ವಾಟ್ಸಾಪಿನಲ್ಲಿ ಬಂದ ಚಲನ್, ಆಮಂತ್ರಣದಂಥ ಫೈಲನ್ನು ಒತ್ತಿ ಏನಾದರೂ ಇನ್‌ಸ್ಟಾಲ್ ಆಗಿತ್ತೇ, ಬುಧವಾರ ಮೊಬೈಲಿನ ಸಿಗ್ನಲ್ ಗಂಟೆಗಟ್ಟಲೆ ಹೋಗಿತ್ತೇ. ಕೊನೆಯದನ್ನು ಕೇಳಲು ಕಾರಣವಿದೆ. ನಮ್ಮ ಜಿಲ್ಲೆಯಲ್ಲಿ ಸಿಗ್ನಲ್ ಹೋದರೆ ಮಳೆಯನ್ನು ದೂರಿ ಸುಮ್ಮನಾಗುತ್ತೇವೆ, ಆದರೆ ಬೇರೆಯವರು ನಿಮ್ಮ ನಂಬರಿನ ಸಿಮ್ ಪಡೆದಾಗಲೂ ಆಗುವುದು ಅದೇ. ಅದೇ ಟವರಿನ ಬೇರೆ ಫೋನುಗಳು ನಡೆಯುತ್ತಿದ್ದು ಅವರದು ಮಾತ್ರ ಸತ್ತಿದ್ದರೆ ಮೊಬೈಲ್ ಕಂಪನಿಯ ಅಂಗಡಿಯಲ್ಲಿ ವಿಚಾರಿಸಿ. ಒಂದು ವೇಳೆ ಅವರು ಏನನ್ನಾದರೂ ಹೇಳಿದ್ದೇ ಹೌದಾದರೂ ದೂರನ್ನು ಕೈಬಿಡಬೇಡಿ, ಅದನ್ನೂ ಇದ್ದ ಹಾಗೆ ಬರೆಯಿರಿ. ಆಗ ತಿಳಿಸುವವರೆಗಿನ ನಷ್ಟ ಅವರದಾದರೂ, ತಿಳಿಸಿದ ನಂತರ ಬೀಳುವ ಪ್ರತಿಯೊಂದು ರೂಪಾಯಿಯೂ ಬ್ಯಾಂಕಿನದೇ ಆಗುತ್ತದೆ.