ಮನೆ ಮುಂದೆ ಬೈಕ್ ನಿಂತರೆ

ಸಂಡೂರು ಕಡೆಯ ಹುಡುಗ, ವಯಸ್ಸು 26. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಕರೆದುಕೊಂಡು ಬಂದವಳು ಹೆಂಡತಿ. "ಕಂತಿನ ಮೇಲೆ ಫ್ರಿಜ್ ತರೋಣ ಅಂದೆ ಮೇಡಂ. ಉಣ್ಣೋ ತಾಟು ಎತ್ತಿ ಒಗೆದ್ರು" ಅಂದಳು. ಜಿಪುಣತನ ಇರಬೇಕು, ಇಬ್ಬರೂ ಕೂತು ಲೆಕ್ಕ ಬರೆದರೆ ಸರಿಹೋಗುತ್ತೆ ಅಂತ ನಾನೂ ಅಂದುಕೊಂಡೆ. ಮೊದಲ ಭೇಟಿ ಸುಮ್ನೆ ದಂಡವಾಯಿತು.

ಎರಡನೇ ಸಲ ಮಾತಿನ ನಡುವೆ ಹೊರಗೆ ಬೈಕ್ ನಿಂತ ಸದ್ದಾಯಿತು. ಅವನು ತಟ್ಟನೆ ಕುರ್ಚಿಯನ್ನು ಗೋಡೆಯ ಮರೆಗೆ ಎಳೆದುಕೊಂಡ. ಮನೆಯಲ್ಲೂ ಹೀಗೇನಾ ಅಂತ ಕೇಳಿದೆ. "ಹಿಂದಿನ ಕೋಣೆಗೆ ಹೋಗಿಬಿಡ್ತೀನಿ" ಅಂದ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಇವನಿಗೆ 12 ವರ್ಷ. ಅಪ್ಪ ಅದಿರು ಸಾಗಿಸೋಕೆ ಸಾಲ ಮಾಡಿ ಲಾರಿ ತಂದಿದ್ದರು. ಲೋಡ್ ನಿಂತಿತು, ಕಂತು ನಿಲ್ಲಲಿಲ್ಲ. ಫೈನಾನ್ಸ್‌ನವರು ಬೈಕ್‌ನಲ್ಲಿ ಬರುತ್ತಿದ್ದರು. "ಊರಾಗಿಲ್ಲ ಅಂತ ಹೇಳಲೇ" ಅಂತ ಅಪ್ಪ ಹಿಂದಿನ ಕೋಣೆ ಸೇರುತ್ತಿದ್ದರು. ಬಾಗಿಲಲ್ಲಿ ನಿಂತು ಸುಳ್ಳು ಹೇಳೋದು ಇವನ ಪಾಲಿಗೆ. ಒಂದು ದಿನ ಬಾಯಿ ತಪ್ಪಿ "ಒಳಗದಾನ" ಅಂದುಬಿಟ್ಟ. ಅದೇ ವಾರ ಲಾರಿ ಎಳೆದುಕೊಂಡು ಹೋದರು. ತನ್ನಿಂದಲೇ ಲಾರಿ ಹೋಯಿತು ಅಂತ ಇಷ್ಟು ವರ್ಷ ನಂಬಿಕೊಂಡಿದ್ದಾನೆ. ಹೆಂಡತಿಗೂ ಹೇಳಿರಲಿಲ್ಲ.

ಸಾಲ ಬೇಡ ಅನ್ನೋದು ರೋಗವಲ್ಲ, ಅದನ್ನು ತಿದ್ದಲು ನಾನು ಹೋಗಲಿಲ್ಲ. ಫ್ರಿಜ್‌ಗೆ ತಿಂಗಳು ತಿಂಗಳು ದುಡ್ಡು ಎತ್ತಿಟ್ಟು ನಗದಾಗಿ ತನ್ನಿ ಅಂದೆ. ಬ್ಯಾಂಕಿನಲ್ಲಿ ಎಷ್ಟಿದೆ ಅಂತ ಹೆಂಡತಿಗೂ ಗೊತ್ತಿರಲಿ. ತಾಟು ಒಗೆದದ್ದಕ್ಕೆ ಮಾತ್ರ ಹಳೇ ಕಥೆ ನೆಪವಾಗಬಾರದು ಅಂತ ಗಟ್ಟಿಯಾಗಿಯೇ ಹೇಳಿದೆ. ಸಿಟ್ಟು ಏರಿದರೆ ಎದ್ದು ಅಂಗಳಕ್ಕೆ ಹೋಗು. ಬೈಕ್ ಸದ್ದಾದರೆ ಓಡಬೇಡ, ಕಾಲು ನೆಲಕ್ಕೆ ಊರಿ ಮೂರು ಸಲ ನಿಧಾನ ಉಸಿರು ಬಿಡು. ಆಮೇಲೆ ಕಿಟಕಿಯಿಂದ ಯಾರು ಅಂತ ನೋಡು, ಅಷ್ಟೇ. ನಿದ್ದೆ ಪೂರ್ತಿ ಕೆಟ್ಟರೆ, ಬದುಕೇ ಬೇಡ ಅನ್ನಿಸಿದರೆ ನನಗಾಗಿ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡು. 14416, ದುಡ್ಡು ಬೀಳಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕಷ್ಟದ ಕೆಲಸ ಒಂದಿತ್ತು: ಅಪ್ಪನ ಹತ್ತಿರ ಆ ದಿನದ ಬಗ್ಗೆ ಕೇಳೋದು. ಮೂರು ವಾರ ಮುಂದೂಡಿದ. ಕೊನೆಗೆ ಕೇಳಿದಾಗ ಅಪ್ಪನಿಗೆ ಇವನ ಮಾತು ನೆನಪೇ ಇರಲಿಲ್ಲ. "ಲಾರಿ ಹೋದ ರಾತ್ರಿನೇ ನಂಗ ನಿದ್ದಿ ಬಂದಿದ್ದು ನೋಡಪ" ಅಂದರಂತೆ.

ಅದನ್ನು ಹೇಳುವಾಗ ನಕ್ಕ, ಕಣ್ಣೊರೆಸಿಕೊಂಡ. ಮೊನ್ನೆ ಬಂದಾಗ ಬೈಕ್ ಸದ್ದಿಗೆ ಕಿಟಕಿಯಲ್ಲಿ ಇಣುಕಿದ್ದನಂತೆ. ಪಕ್ಕದ ಮನೆಗೆ ಬಂದ ನೆಂಟರು. ಫ್ರಿಜ್ ಇನ್ನೂ ಬಂದಿಲ್ಲ.